ಏಳು ಬೋಳು ಶೀಶೆಗಳು

"ಚಹಾ ಆರಿ ಹೋಗ್ತಿದೆ ನೋಡು. ಎರಡು ಗುಟುಕಾದರೂ ಕುಡಿ ತಾಯಿ."

ದಫೇದಾರ ಲಾಕಪ್ಪಿನ ಸರಳುಗಳ ನಡುವೆ ಲೋಟ ತೂರಿಸಿ ಕಾದ. ಒಳಗೆ ಗೋಡೆಗೊರಗಿ ಕೂತಿದ್ದ ಅಡುಗೆಯಾಕೆ ಕೈ ಚಾಚಲಿಲ್ಲ. ಎರಡೂ ಮೀನಖಂಡಗಳನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಮುದುಡಿಕೊಂಡಿದ್ದಳು. ಕಣ್ಣು ಕೆಂಡದಂತೆ ಕೆಂಪಾಗಿದ್ದವು. ಕೆನ್ನೆಯ ಮೇಲೆ ಮಾತ್ರ ಒಂದು ಹನಿಯ ಗುರುತೂ ಇರಲಿಲ್ಲ.

"ಬೇಡಣ್ಣಾ. ನೋಡಿದ್ರೇ ಹೊಟ್ಟೆ ತೊಳಸುತ್ತೆ. ಈ ಕಾಲು ನೋಡು, ಸಿಮೆಂಟ್ ನೆಲದ ಮೇಲೆ ಕೂತೂ ಕೂತೂ ಮುಟ್ಟೋಕಾಗದ ಹಾಗೆ ನೋಯ್ತಿವೆ."

"ಅತ್ತೂ ಅತ್ತೂ ಕಣ್ಣು ಏನು ಮಾಡ್ಕೊಂಡಿದ್ದೀಯ. ಹೀಗೆ ಹೋದ್ರೆ ಕೋರ್ಟಲ್ಲಿ ಜಡ್ಜ್ ಏನಂದ್ಕೋತಾರೆ?"

"ನಾನು ವಿಷ ಹಾಕಿಲ್ಲಣ್ಣಾ," ಎಂದಳು ಆಕೆ. ಮೂರು ದಿನದಿಂದ ಇದೊಂದೇ ಮಾತು. ಈಗ ಅದನ್ನೂ ಹೇಳಲು ತ್ರಾಣವಿಲ್ಲದವಳಂತೆ ಹೇಳಿದಳು.

ಮೇಜಿನ ಬಳಿ ಕೂತಿದ್ದ ಮಹಿಳಾ ಪೇದೆ ತಲೆ ಎತ್ತಿ ನಕ್ಕಳು. "ನಿನ್ನೆ ಬೆಳಿಗ್ಗೆಯಿಂದ ಒಂದು ಸಲಾನೂ ಬಾತ್‌ರೂಮಿಗೆ ಕರ್ಕೊಂಡು ಹೋಗು ಅಂದಿಲ್ಲ ಈಯಮ್ಮ. ಎಲ್ಲ ಕೈದಿಗಳೂ ಹೀಗೇ ಇದ್ರೆ ನಮ್ಮ ಕೆಲಸ ಎಷ್ಟು ಹಗುರ ಅಲ್ವಾ ದಫೇದಾರ್ರೇ?"

ದಫೇದಾರನಿಗೆ ನಗು ಬರಲಿಲ್ಲ. ಶ್ವಾನದಳದ ನಾಯಿ ಕರಿಮೂತಿ ನಾಲ್ಕನೇ ತಾರೀಕು ಸತ್ತಿತ್ತು. ಅದನ್ನು ಸಾಕುತ್ತಿದ್ದ ಪೇದೆ ಉದ್ದಣ್ಣ ಹದಿನಾರಕ್ಕೆ, ಅರಿಶಿನ ಬಳಿದಂತೆ ಮೈ ಹಳದಿಯಾಗಿ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ್ದ. ಇಬ್ಬರ ಹೊಟ್ಟೆಗೂ ಹೋಗಿದ್ದು ಶ್ವಾನದಳದ ನಾಯಿಗಳಿಗೆ ಅಡುಗೆ ಮಾಡುವ ಈಕೆ ಬೇಯಿಸಿದ ಒಂದೇ ಪಾತ್ರೆಯ ಅನ್ನ. ಅಷ್ಟು ಸಾಕಾಯಿತು, ಎರಡು ಜೀವದ ಲೆಕ್ಕ ಅವಳ ತಲೆಗೆ ಕಟ್ಟಲು. ಇವತ್ತು ಹತ್ತೊಂಬತ್ತು. ಪೊಲೀಸ್ ಕಸ್ಟಡಿ ಮುಗಿದು, ಮಧ್ಯಾಹ್ನ ಮೂರಕ್ಕೆ ಕೋರ್ಟು, ಅಲ್ಲಿಂದ ಜೈಲು.

ಹನ್ನೊಂದು ವರ್ಷ ಅವಳು ಪೊಲೀಸ್ ವಸತಿಯಲ್ಲಿ ಅವನ ಪಕ್ಕದ ಮನೆಯಲ್ಲಿದ್ದಳು. ಗಂಡ ಸತ್ತ ಮೇಲೆ ಒಂಟಿಯಾಗಿ ಮಗಳನ್ನು ಓದಿಸಿದವಳು. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಹೆಂಗಸು ವಿಷ ಹಾಕುತ್ತಾಳೆಂದರೆ ದಫೇದಾರನ ಮನಸ್ಸು ಸುತರಾಂ ಒಪ್ಪುತ್ತಿರಲಿಲ್ಲ. ಆದರೆ ಅವನ ಮನಸ್ಸು ಒಪ್ಪಿದರೆಷ್ಟು, ಬಿಟ್ಟರೆಷ್ಟು? ಇನ್ಸ್‌ಪೆಕ್ಟರ್ ಸಾಹೇಬರಿಗೆ ಬೇಕಿದ್ದುದು ಪುರಾವೆ.

ಮೇಜಿನ ಮೇಲಿದ್ದ ಲಾಕಪ್ ಪುಸ್ತಕ ಎಳೆದುಕೊಂಡ. ನಾಲ್ಕು ಗಂಟೆಗೊಮ್ಮೆ ಕೈದಿಯನ್ನು ನೋಡಿ ಒಂದು ಸಾಲು ಬರೆಯುವುದು ಅವನ ಕೆಲಸ. ಹತ್ತು ಗಂಟೆಯ ಎದುರಿಗೆ 'ಕೈದಿ ಆರೋಗ್ಯವಾಗಿದ್ದಾಳೆ' ಎಂದು ಬರೆದು ಸಹಿ ಹಾಕಿದ. ಶ್ವಾನದಳಕ್ಕೆ ಹೋಗಿ ಬರುವುದರೊಳಗೆ ಹೊತ್ತಾಗಬಹುದೆಂದು ಅದರ ಕೆಳಗಿನ ಸಾಲನ್ನೂ ತುಂಬಿಸಿ, ಟೋಪಿ ಕೊಡವಿಕೊಂಡು ಹೊರಬಿದ್ದ. ಮೂವತ್ತು ವರ್ಷದಿಂದ ಆ ಸಾಲು ಅವನ ಕೈಗೆ ತಾನಾಗಿಯೇ ಬರುತ್ತಿತ್ತು.

ಆಕಾಶ ಮೂರು ವಾರದಿಂದ ಮುಖ ಸಿಂಡರಿಸಿಕೊಂಡೇ ಇತ್ತು. ದಾರಿಯಲ್ಲಿ ಎರಡು ಸಮನ್ಸ್ ತಲುಪಿಸಿ ದಫೇದಾರ ಶ್ವಾನದಳಕ್ಕೆ ಬಂದಾಗ ಮಧ್ಯಾಹ್ನ ಒಂದಾಗಿತ್ತು. ಅಂಗಳದಲ್ಲಿ ಕಾಲಿಟ್ಟಲ್ಲೆಲ್ಲ ಪಚಪಚ. ಹಿಂಭಾಗದ ಚರಂಡಿ ತಿಂಗಳ ಮೊದಲಲ್ಲೇ ಉಕ್ಕಿ ಒಳಗೆ ನುಗ್ಗಿದ್ದರ ಗುರುತು ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕಪ್ಪು ಗೆರೆಯಾಗಿ ಉಳಿದಿತ್ತು. ಏಳು ಗೂಡುಗಳಲ್ಲಿ ಆರು ನಾಯಿ. ಏಳನೆಯದರಲ್ಲಿ ಊಟದ ತಟ್ಟೆ ಬೋರಲು ಬಿದ್ದಿತ್ತು. ಖಾಕಿ ಕಂಡರೆ ಕುಣಿದಾಡುತ್ತಿದ್ದ ನಾಯಿಗಳು ಇವತ್ತು ಮೂತಿಯನ್ನು ಮುಂಗಾಲಿಗೆ ಆನಿಸಿ ಸುಮ್ಮನೆ ನೋಡಿದವು.

ಅಕ್ಕಿ ಮೂಟೆಗಳ ಕೋಣೆಯಿಂದ ಬೆಕ್ಕಿನ ಮರಿಯಷ್ಟು ದಪ್ಪದ ಇಲಿಯೊಂದು ಹೊರಬಂದು, ಯಾರಪ್ಪನ ಭಯವೂ ಇಲ್ಲದೆ, ಅವನ ಬೂಟಿನ ಮುಂದೆಯೇ ಚರಂಡಿಯ ಕಡೆ ನಡೆದುಹೋಯಿತು.

ಅಡುಗೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಮೊಳೆಗೆ ದಾರ ಕಟ್ಟಿ ನೇತುಹಾಕಿದ 'ರುಚಿ ಪುಸ್ತಕ' ಗೋಡೆಯ ಮೇಲಿತ್ತು. ಇಲಾಖೆಯ ನಾಯಿಗೆ ಊಟ ಹಾಕುವ ಮೊದಲು ಮನುಷ್ಯನೊಬ್ಬ ಒಂದು ತುತ್ತು ತಿಂದು ಸಹಿ ಮಾಡಬೇಕು. ಕಳ್ಳರು ನಾಯಿಗೆ ವಿಷ ಹಾಕಿಸಿದರೆ ಎಂಬ ಭಯಕ್ಕೆ ಹುಟ್ಟಿದ ನಿಯಮ. ಸಹಿ ಮಾಡುವವರು ಶ್ವಾನದಳದ ಮೇಲ್ವಿಚಾರಕರು. ಅವರ ಮೀಸೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಬಾಗಿಲು ದಾಟುತ್ತಿದ್ದುದರಿಂದ ಎಲ್ಲರಿಗೂ ಅವರು ಮೀಸೆ ಸಾಹೇಬರು.

ಅಡುಗೆಯಾಕೆಯ ಕೊರಳಿಗೆ ಉರುಳು ಬಿದ್ದಿದ್ದೇ ಈ ಪುಸ್ತಕದಿಂದ. 'ನಾನು ದಿನಾ ರುಚಿ ನೋಡಿದ್ದೇನೆ, ನನಗೇನೂ ಆಗಿಲ್ಲ. ಹಾಗಾದರೆ ವಿಷ ಬಿದ್ದಿದ್ದು ಆಮೇಲೆ. ಆಮೇಲೆ ಪಾತ್ರೆ ಮುಟ್ಟಿದವಳು ಅವಳೊಬ್ಬಳೇ. ಉದ್ದಣ್ಣ ನಾಯಿಯ ತಟ್ಟೆಯಿಂದಲೇ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುವವನು' ಎಂದು ಮೀಸೆ ಸಾಹೇಬರು ಹೇಳಿಕೆ ಕೊಟ್ಟಿದ್ದರು.

ದಫೇದಾರ ಕನ್ನಡಕ ಏರಿಸಿ ಹಾಳೆ ತಿರುವಿದ. ತಾರೀಕು, ನಾಯಿಯ ಹೆಸರು, ಹೊತ್ತು, ಸಹಿ. ಒಂದನೇ ತಾರೀಕಿನಿಂದ ಬೆರಳಿಟ್ಟು ಕೆಳಗಿಳಿದ. ಐದನೇ ತಾರೀಕಿಗೆ ಬೆರಳು ನಿಂತಿತು. ಕರಿಮೂತಿ, ಸಂಜೆ, ರುಚಿ ನೋಡಲಾಗಿದೆ. ಆರು, ಏಳು, ಎಂಟನೇ ತಾರೀಕಿಗೂ ಅದೇ. ಮಣ್ಣಾದ ನಾಯಿಗೆ ನಾಲ್ಕು ದಿನ ಊಟ!

ಕೊನೆಯ ಸಾಲಿಗೆ ಬಂದ. ಇವತ್ತಿನ ತಾರೀಕು, ಸಂಜೆಯ ಊಟ. ಸಹಿ ಬಿದ್ದಿತ್ತು. ಒಲೆ ಮುಟ್ಟಿ ನೋಡಿದ, ತಣ್ಣಗಿತ್ತು.

'ಅಯ್ಯಾ ಮಹಾರಾಯ' ಎಂದುಕೊಂಡ ದಫೇದಾರ. ಎದೆ ಹಗುರಾಯಿತು. ಆದರೆ ಇಷ್ಟರಿಂದ ಅವಳು ಬಿಡುಗಡೆಯಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸಾಹೇಬರು ರುಚಿ ನೋಡಿಲ್ಲ ಎಂದಾದರೆ ವಿಷ ಮೊದಲೇ ಬಿದ್ದಿರಬಹುದು, ಅಷ್ಟೆ.

ಅತ್ತಿಗೆ ಹೇಳಿದ ಇನ್ನೊಂದು ಕೆಲಸ ಬಾಕಿ ಇತ್ತು. ಅಣ್ಣನ ಹೆಂಡತಿ ಪಶು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವಾಕೆ. ಕರಿಮೂತಿ ಕಾಯಿಲೆ ಬಿದ್ದಾಗ ತೆಗೆದಿದ್ದ ರಕ್ತ ಅವಳ ಫ್ರಿಜ್ಜಿನಲ್ಲೇ ಉಳಿದಿತ್ತು. ಯಾರೂ ಕೇಳದಿದ್ದರೂ ಮೈದುನನ ಕಾಟ ತಾಳಲಾರದೆ ಅದನ್ನು ದೊಡ್ಡ ಲ್ಯಾಬಿಗೆ ಕಳಿಸಿದ್ದಳು. "ಉತ್ತರ ಬರೋವರೆಗೆ ಒಂದು ಕೆಲಸ ಮಾಡಪ್ಪಾ," ಎಂದಿದ್ದಳು. "ಆ ನಾಯಿಗಳಿಗೆ ವರ್ಷಕ್ಕೊಮ್ಮೆ ಹಾಕೋ ಲಸಿಕೆ ಹಾಕಿದ್ದಾರಾ, ನೋಡ್ಕೊಂಡು ಬಾ."

ಔಷಧಿ ಕೋಣೆಯ ಲಸಿಕೆ ಪುಸ್ತಕ ಅಚ್ಚುಕಟ್ಟಾಗಿತ್ತು. ಲಸಿಕೆ ಚುಚ್ಚಿದ ಮೇಲೆ ಖಾಲಿ ಶೀಶೆಯ ಲೇಬಲ್ ಕಿತ್ತು ಅಂಟಿಸುವುದು ಪದ್ಧತಿ. ಏಳು ನಾಯಿ, ಏಳು ಲೇಬಲ್, ಏಳು ಸಹಿ. ದಫೇದಾರನ ಮುಖ ಸಪ್ಪಗಾಯಿತು.

ಹೊರಡುವಾಗ ಸುಮ್ಮನೆ ಫ್ರಿಜ್ಜಿನ ಬಾಗಿಲು ತೆಗೆದ. ಮುಲಾಮು, ಹತ್ತಿ, ಮಾಂಸದ ಡಬ್ಬಿ. ಡಬ್ಬಿ ಸರಿಸಿದರೆ ಹಿಂದೆ ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಹೆಬ್ಬೆರಳಿನಷ್ಟು ಚಿಕ್ಕ ಏಳು ಶೀಶೆಗಳು. ಒಂದರ ಮೇಲೂ ಚೀಟಿಯಿಲ್ಲ, ಎಲ್ಲವೂ ಬೋಳು. ಮೈ ಮುಟ್ಟಿದರೆ ಬೆರಳಿಗೆ ಹಳೆಯ ಅಂಟು ಹತ್ತಿತು.

ಒಂದನ್ನು ಬೆಳಕಿಗೆ ಹಿಡಿದ. ತಗಡಿನ ಮುಚ್ಚಳ ಬಿಚ್ಚಿರಲಿಲ್ಲ. ಔಷಧಿ ಕತ್ತಿನವರೆಗೆ ತುಂಬಿತ್ತು.

"ಏನಯ್ಯಾ, ಫ್ರಿಜ್ಜಿನೊಳಗೆ ತಲೆ ಹಾಕ್ಕೊಂಡು ನಿಂತಿದ್ದೀಯ? ಸ್ಟೇಷನ್ನಲ್ಲಿ ಸೆಕೆ ಜಾಸ್ತಿಯಾಯ್ತಾ?"

ಬಾಗಿಲಲ್ಲಿ ಮೀಸೆ ಸಾಹೇಬರು. ದಫೇದಾರ ಶೀಶೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಸಲ್ಯೂಟ್ ಹೊಡೆದ.

"ಒಂದು ವಿಷಯ ಕೇಳೋಕೆ ಬಂದೆ ಸಾರ್. ಇವತ್ತು ಸಂಜೆ ಊಟದ ರುಚಿ ಹೇಗಿತ್ತು?"

"ತಲೆ ಕೆಟ್ಟಿದೆಯಾ? ಸಂಜೆ ಊಟಕ್ಕೆ ಇನ್ನೂ ಒಲೇನೇ ಹಚ್ಚಿಲ್ಲ."

"ನೀವಾಗಲೇ ರುಚಿ ನೋಡಿ ಸಹಿ ಹಾಕಿದ್ದೀರಲ್ಲ ಸಾರ್."

ಮೀಸೆ ಸಾಹೇಬರ ಕೈ ಮೀಸೆಗೆ ಹೋಯಿತು.

"ಐದನೇ ತಾರೀಕು ಕರಿಮೂತಿಯ ಊಟಾನೂ ರುಚಿ ನೋಡಿದ್ದೀರಿ," ಎಂದ ದಫೇದಾರ. "ನಾಲ್ಕರಂದೇ ನಾವೆಲ್ಲ ಸೇರಿ ಅದನ್ನ ಮಣ್ಣು ಮಾಡಿದ್ವಿ. ನೀವೇ ಮೊದಲ ಹಿಡಿ ಹಾಕಿದ್ರಿ."

"ಓಹೋ. ಪುಸ್ತಕ ತನಿಖೆಗೆ ಬಂದಿದ್ದೀಯ." ಸಾಹೇಬರು ನಕ್ಕರು. ನಗು ಹುಳ್ಳಗಿತ್ತು. "ವಾರದ ಸಹಿ ಒಂದೇ ಸಲ ಹಾಕ್ತೀನಪ್ಪಾ. ಏನೀಗ? ದಿನಾ ಎರಡು ಹೊತ್ತು ನಾಯಿ ಅನ್ನ ತಿನ್ನೋಕೆ ನನಗೇನು ಹುಚ್ಚಾ? ಇಲಾಖೇಲಿ ಯಾವ ಪುಸ್ತಕ ಹಾಗೆ ನಡೆಯುತ್ತೆ ಹೇಳು. ನಿನ್ನ ಲಾಕಪ್ ಪುಸ್ತಕದಲ್ಲಿ ನೀನು ಪ್ರತಿ ಸಲ ನೋಡಿಯೇ ಬರೀತೀಯೋ?"

"ನೋಡಿಯೇ ಬರೆಯೋದು ಸಾರ್," ಎಂದ ದಫೇದಾರ ಥಟ್ಟನೆ. ಅಂದ ಮೇಲೆ ಕಿವಿ ಒಂದಿಷ್ಟು ಬಿಸಿಯಾಯಿತು. ಈಗ ಅದನ್ನು ಯೋಚಿಸುತ್ತ ಕೂರುವ ಹೊತ್ತಲ್ಲ ಎಂದು ಮುಷ್ಟಿ ಬಿಚ್ಚಿ ಶೀಶೆಯನ್ನು ಮೇಜಿನ ಮೇಲಿಟ್ಟ.

"ಇದೇನು ಸಾರ್?"

ಸಾಹೇಬರು ತಿರುಗಿ ಬಾಗಿಲು ಮುಚ್ಚಿದರು.

"ಇದರ ಲೇಬಲ್ ಪುಸ್ತಕದಲ್ಲಿದೆ. ಔಷಧಿ ಮಾತ್ರ ಇಲ್ಲೇ ಇದೆ. ಏಳು ನಾಯಿಗೆ ಚುಚ್ಚಿದ್ದೀನಿ ಅಂತ ಸಹಿ. ಒಂದಕ್ಕಾದರೂ ಚುಚ್ಚಿದ್ದೀರಾ?"

"ಆವತ್ತು ಡಾಕ್ಟರ್ ಬರಲಿಲ್ಲ ಕಣಯ್ಯಾ." ಸಾಹೇಬರು ಸ್ಟೂಲೆಳೆದು ಕೂತರು. "ಮಾರನೇ ದಿನ ಮೇಲಿನವರ ತಪಾಸಣೆ. ಪುಸ್ತಕ ಖಾಲಿ ಇದ್ರೆ ನನ್ನ ಚರ್ಮ ಸುಲೀತಿದ್ರು. ಲೇಬಲ್ ಅಂಟಿಸಿಬಿಟ್ಟೆ. ಮುಂದಿನ ವಾರ ಚುಚ್ಚಿಸಿದ್ರಾಯ್ತು ಅಂದ್ಕೊಂಡೆ."

"ಯಾವ ಮುಂದಿನ ವಾರ?"

"ಮರೆತೇ ಹೋಯ್ತು."

ಹೊರಗೆ ತಗಡಿನ ಮೇಲೆ ಹನಿ ಬೀಳುವ ಸದ್ದು. ದಫೇದಾರನಿಗೆ ಎದುರಿಗಿದ್ದವನ ಮೇಲೆ ಸಿಟ್ಟು ಉಕ್ಕಿ ಬಂತು, ಜೊತೆಗೇ ಕನಿಕರವೂ.

"ಕರಿಮೂತಿ ಸತ್ತಾಗ ನಿಮಗೆ ಅನುಮಾನ ಬಂದಿತ್ತು. ಅಲ್ವಾ ಸಾರ್?"

"ಕಣ್ಣಿನ ಬಿಳಿ ಹಳದಿಯಾಗಿತ್ತು. ಉಚ್ಚೆ ಕಟ್ಟಿತ್ತು. ಇಪ್ಪತ್ತು ವರ್ಷ ನಾಯಿ ಸಾಕಿದವನಿಗೆ ಗೊತ್ತಾಗಲ್ವಾ?" ಸಾಹೇಬರ ಧ್ವನಿ ಕುಸಿಯಿತು. "ಕಾಯಿಲೆ ಅಂದ್ರೆ ಲಸಿಕೆ ಪುಸ್ತಕ ಕೇಳ್ತಾರೆ. ವಿಷ ಅಂದ್ರೆ ಯಾರೂ ಕೇಳಲ್ಲ. ಒಂದೇ ಒಂದು ಸಲ ಅಂದೆ, ವಿಷ ಇರಬಹುದು ಅಂತ. ಉಳಿದಿದ್ದನ್ನ ನಿಮ್ಮ ಇನ್ಸ್‌ಪೆಕ್ಟರೇ ಕಟ್ಟಿಕೊಂಡ್ರು."

"ಒಂದೇ ಸಲ ಅಲ್ಲ. ಉದ್ದಣ್ಣನ್ನ ಆಸ್ಪತ್ರೆಗೆ ಹಾಕಿದಾಗ ಡಾಕ್ಟರ್ ಕೇಳಿದ್ರು, ಏನು ತಿಂದಿದ್ದ ಅಂತ. ನೀವು ಅವರಿಗೂ ವಿಷ ಅಂದ್ರಿ. ಅವರು ವಿಷಕ್ಕೇ ಮದ್ದು ಮಾಡಿದ್ರು."

ಮೀಸೆ ಸಾಹೇಬರು ಮುಖ ಮುಚ್ಚಿಕೊಂಡರು. ಅಷ್ಟು ದೊಡ್ಡ ಮೀಸೆಯ ಮನುಷ್ಯ ಹಾಗೆ ಅಳುವುದನ್ನು ದಫೇದಾರ ಈ ಮೊದಲು ಕಂಡಿರಲಿಲ್ಲ.

ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅತ್ತಿಗೆ.

"ಏನಪ್ಪಾ ಪತ್ತೇದಾರ ಮೈದುನ, ಊಟ ಮಾಡಿದ್ಯೋ ಇಲ್ಲಾ ಇನ್ನೊಬ್ಬರ ಮನೆ ಪಾತ್ರೆ ಮೂಸ್ತಾ ಇದ್ದೀಯೋ?"

"ಅತ್ತಿಗೆ, ತಮಾಷೆ ಆಮೇಲೆ. ಏನು ಬಂತು ಹೇಳಿ."

"ಬಂತು. ವಿಷವೂ ಅಲ್ಲ, ಮಣ್ಣೂ ಅಲ್ಲ. ಇಲಿಜ್ವರ." ಅವಳ ದನಿ ಗಂಭೀರವಾಯಿತು. "ನಾಯಿ ರಕ್ತದಲ್ಲಿ ಸ್ಪಷ್ಟವಾಗಿದೆ. ಇದು ಬ್ಯಾಕ್ಟೀರಿಯಾದಿಂದ ಬರೋದು. ಇಲಿ ಉಚ್ಚೆಯಲ್ಲಿರುತ್ತೆ, ಅಲ್ಲಿಂದ ನೀರಿಗೆ, ಕೆಸರಿಗೆ. ಇಲಿಗೆ ಏನೂ ಆಗಲ್ಲ, ಓಡಾಡ್ಕೊಂಡು ಹಂಚುತ್ತೆ. ದನ, ಹಂದಿ, ನಾಯಿ, ಮನುಷ್ಯ, ಯಾರನ್ನೂ ಬಿಡಲ್ಲ. ಕೈಕಾಲಿನಲ್ಲಿ ಒಂದು ಗೀರು ಗಾಯ ಇದ್ರೆ ಸಾಕು, ಒಳಗೆ ಹೊಕ್ಕುಬಿಡುತ್ತೆ. ಕಾಯಿಲೆ ಬಿದ್ದ ನಾಯಿಯ ಉಚ್ಚೆ ಮುಟ್ಟಿದ್ರೂ ಅಷ್ಟೇ."

"ಊಟದಿಂದ?"

"ಕುದಿಸಿ ಬಡಿಸಿದ ಅನ್ನದಲ್ಲಿ ಅದು ಬದುಕಲ್ಲ ಕಣೋ. ನಿನ್ನ ಅಡುಗೆಯಾಕೆಯ ಪಾತ್ರೆ ಗಂಗೆಯಷ್ಟು ಶುದ್ಧ ಅಂತ ಬರೆದು ಕೊಡ್ತೀನಿ."

ದಫೇದಾರನಿಗೆ ಕುಣಿಯುವಷ್ಟು ಸಂತೋಷವಾಯಿತು. ಉದ್ದಣ್ಣನ ಅಂಗೈ ತುಂಬ ಚೈನು ಉಜ್ಜಿದ ಗಾಯಗಳಿದ್ದುದು ನೆನಪಾಯಿತು. ಎಲ್ಲ ತಾಳೆಯಾಗುತ್ತಿತ್ತು. ಮೂರು ಗಂಟೆಗೆ ಮೊದಲು ಸ್ಟೇಷನ್ ಮುಟ್ಟಿದರೆ ಸಾಕು.

"ಇನ್ನೊಂದು ಮಾತು," ಎಂದಳು ಅತ್ತಿಗೆ. "ಸಾಯೋ ಮುಂಚೆ, ಸತ್ತ ಮೇಲೆ ಆ ನಾಯಿಯನ್ನ, ಅದರ ಹಾಸಿಗೆಯನ್ನ ಯಾರ್‍ಯಾರು ಮುಟ್ಟಿದ್ರು? ಎಲ್ಲರನ್ನೂ ಇವತ್ತೇ ಡಾಕ್ಟರಿಗೆ ತೋರಿಸು. ತಡ ಮಾಡಬೇಡ."

ದಫೇದಾರ ಫೋನಿನ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟ. "ಹಾಸಿಗೆ ಯಾರು ತೆಗೆದ್ರು ಸಾರ್?"

ಮೀಸೆ ಸಾಹೇಬರು ಕಣ್ಣೊರೆಸಿಕೊಂಡರು. "ಗೋಣಿಚೀಲಗಳು. ಉಚ್ಚೆ, ರಕ್ತ ಎಲ್ಲ ಆಗಿತ್ತು. ಯಾರೂ ಮುಟ್ಟೋಕೆ ಒಪ್ಪಲಿಲ್ಲ. ಐದನೇ ತಾರೀಕು ಅವಳೇ ಅಂಗಳದ ನಲ್ಲಿ ಕೆಳಗೆ ಬರಿಗಾಲಲ್ಲಿ ಕೂತು ಒಗೆದಳು. ಮೂಳೆ ಕತ್ತರಿಸಿ ಕೈಯೆಲ್ಲ ಗೀರು ಗಾಯವಾಗಿತ್ತು. ಗ್ಲೌಸ್ ಹಾಕ್ಕೋ ಅಂದೆ. ನನ್ನ ಮಗುವಿಗೆ ಯಾಕೆ ಗ್ಲೌಸು ಅಂದ್ಲು."

"ಯಾರು ಒಗೆದಿದ್ದು?" ಎಂದಿತು ಫೋನು.

ದಫೇದಾರ ಫೋನಿನ ಮೇಲೆ ಬಗ್ಗಿದ. "ಅಡುಗೆಯಾಕೆ. ಅತ್ತಿಗೆ, ಈ ಕಾಯಿಲೆ ಬಂದ್ರೆ... ಹೇಗೆ ಗೊತ್ತಾಗುತ್ತೆ?"

"ಜ್ವರ, ವಾಂತಿ. ಮೀನಖಂಡ ಮುಟ್ಟೋಕಾಗದಷ್ಟು ನೋವು. ಕಣ್ಣು ಕೆಂಪಗಾಗುತ್ತೆ, ಆದ್ರೆ ನೀರು ಸುರಿಯಲ್ಲ. ಮೊದಲ ದಿನಗಳಲ್ಲೇ ಹಿಡಿದ್ರೆ ಎಲ್ಲ ಆಸ್ಪತ್ರೇಲೂ ಸಿಗೋ ಮಾಮೂಲಿ ಔಷಧಿ ಸಾಕು, ಬದುಕ್ತಾರೆ. ಆಮೇಲೆ ಉಚ್ಚೆ ನಿಂತುಹೋಗುತ್ತೆ. ಹಾಗಾದ್ರೆ ಕಿಡ್ನಿ ಕೈಕೊಟ್ಟಿದೆ ಅಂತ ಅರ್ಥ. ಅಷ್ಟರಮೇಲೆ ಲೆಕ್ಕ ದಿನದ್ದಲ್ಲಪ್ಪಾ, ಗಂಟೆಯದ್ದು. ಯಾಕೆ, ಅವಳು ಹೇಗಿದ್ದಾಳೆ?"

ಬೆಳಿಗ್ಗೆ ಕಂಡ ಕೆಂಪು ಕಣ್ಣು, ಒಣಗಿದ ಕೆನ್ನೆ. ಸಿಮೆಂಟ್ ನೆಲದಿಂದಾಯಿತೆಂದುಕೊಂಡ ಕಾಲು ನೋವು. ಹೊಟ್ಟೆ ತೊಳಸುತ್ತೆ ಎಂದು ಬಿಟ್ಟ ಚಹಾ. ನಿನ್ನೆ ಬೆಳಿಗ್ಗೆಯಿಂದ ಒಂದು ಸಲಾನೂ ಬಾತ್‌ರೂಮಿಗೆ... ಎಲ್ಲವನ್ನೂ ಅವನು ನೋಡಿದ್ದ. ನೋಡಿ, ಅಳು ಎಂದು ಅರ್ಥ ಮಾಡಿಕೊಂಡಿದ್ದ.

ದಫೇದಾರ ಫೋನ್ ಎತ್ತಿಕೊಂಡು, ಅತ್ತಿಗೆಯ ಕರೆ ಕಡಿದು ಸ್ಟೇಷನ್ನಿಗೆ ಕರೆ ಮಾಡಿದ. ಎತ್ತಿದ್ದು ಮಹಿಳಾ ಪೇದೆ.

"ಅವಳನ್ನ ತಕ್ಷಣ ಆಸ್ಪತ್ರೆಗೆ ಸಾಗಿಸು! ಈಗಲೇ!"

"ಯಾರನ್ನ? ಅಡುಗೆಯಮ್ಮನ್ನಾ? ಅವಳು ಇಲ್ಲಿಲ್ಲ ದಫೇದಾರ್ರೇ. ಇಲ್ಲಿನ ಜಡ್ಜ್ ರಜಾ ಅಂತೆ, ನಾಲ್ಕಕ್ಕೆ ಬೇರೆ ಊರಿನ ಕೋರ್ಟಲ್ಲಿ ಹಾಜರು ಮಾಡ್ಬೇಕು ಅಂತ ಕರ್ಕೊಂಡು ಹೋದ್ರು. ವ್ಯಾನ್ ಹೊರಟು ಅರ್ಧ ಗಂಟೆ ಆಯ್ತು. ಎರಡೂವರೆ ಗಂಟೆ ದಾರಿ."

"ನಡೆಯೋ ಸ್ಥಿತೀಲಿ ಇದ್ಲಾ?"

"ಇಲ್ಲ. ಏಳೋಕೇ ಆಗಲಿಲ್ಲ. ಏನೇನೋ ಬಡಬಡಿಸ್ತಿದ್ಲು, ನಾಯಿ ಹೆಸರು ಕೂಗ್ತಿದ್ಲು. ನಾನೂ ಇನ್ನೊಬ್ಬಳೂ ಎತ್ತಿಕೊಂಡು ಹೋಗಿ ಕೂರಿಸಿದ್ವಿ. ಮೈ ಕೆಂಡದ ಹಾಗೆ ಸುಡ್ತಿತ್ತು."

"ಮತ್ತೆ ಡಾಕ್ಟರನ್ನ ಯಾಕೆ ಕರೆಸಲಿಲ್ಲ? ಅಲ್ಲಿದ್ದವರಿಗೆಲ್ಲ ಕಣ್ಣಿರಲಿಲ್ವಾ?" ದಫೇದಾರ ಕೂಗಿದ. ಗೂಡಿನಲ್ಲಿದ್ದ ನಾಯಿಗಳು ಒಟ್ಟಿಗೇ ಬೊಗಳತೊಡಗಿದವು.

"ಕರೆಸೋಣ ಅಂತಾನೇ ಇನ್ಸ್‌ಪೆಕ್ಟರ್ ಸಾಹೇಬರು ಹೊರಟಿದ್ರು." ಅವಳ ದನಿ ಸಣ್ಣದಾಯಿತು. "ಆಮೇಲೆ ಲಾಕಪ್ ಪುಸ್ತಕ ತರಿಸಿ ನೋಡಿದ್ರು. ಒಂಬತ್ತು ಸಲ 'ಕೈದಿ ಆರೋಗ್ಯವಾಗಿದ್ದಾಳೆ' ಅಂತಿದೆ. ಎಲ್ಲಾ ನಿಮ್ಮ ಸಹಿ. ಮೂವತ್ತು ವರ್ಷ ಸರ್ವೀಸಿನ ಮನುಷ್ಯ ನೋಡಿ ಬರೆದಿದ್ದಾನೆ, ಇದೆಲ್ಲಾ ಜೈಲು ತಪ್ಪಿಸ್ಕೊಳ್ಳೋ ನಾಟಕ ಅಂದ್ರು. ಆ ಹಾಳೆಯ ಪ್ರತಿ ಮಾಡಿಸಿ ಕೋರ್ಟಿಗೂ ಕಳಿಸಿದ್ದಾರೆ."

ದಫೇದಾರನ ಕಣ್ಣು ಮೇಜಿನ ಮೇಲಿದ್ದ ಬೋಳು ಶೀಶೆಯ ಮೇಲೆ ಬಿತ್ತು.

"ಹೋಗ್ಲಿ ಬಿಡಿ, ನೀವು ಆಗ ತಾನೇ ಬಂದು ನೋಡಿದ್ದೀರಿ ಅಂತ ನಾವೂ ಸುಮ್ಮನಾದ್ವಿ," ಎಂದಳು ಅವಳು. "ಎರಡು ಗಂಟೆ ಸಾಲಿನಲ್ಲೂ ನಿಮ್ಮ ಸಹಿ ಇದೆಯಲ್ಲ."

ಮೀಸೆ ಸಾಹೇಬರು ತಲೆ ಎತ್ತಿ ಅವನನ್ನೇ ನೋಡುತ್ತಿದ್ದರು. ಅವರ ಹಿಂದೆ, ಔಷಧಿ ಕೋಣೆಯ ಗೋಡೆ ಗಡಿಯಾರದಲ್ಲಿ ಒಂದೂ ನಲವತ್ತಾಗಿತ್ತು.